ಸಿಂಕ್ರೊನಸ್ ರೆಪ್ಲಿಕೇಷನ್ ಹಾಕಿಸುವವರು ಇದೊಂದು ಕೇಳಿಕೊಳ್ಳಿ

ನಾನು ಮಂಗಳೂರಿನ ಒಂದು ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುತ್ತೇನೆ. ಡೇಟಾ ಇಡುವ ಸ್ಟೋರೇಜ್ ಒಂದು ಇಲ್ಲಿದೆ, ಎರಡನೆಯದು ಉಡುಪಿ ಶಾಖೆಯಲ್ಲಿದೆ. ಇಲ್ಲಿ ಬರೆದದ್ದನ್ನು ಆ ಕ್ಷಣವೇ ಅಲ್ಲೂ ಕಾಪಿ ಮಾಡುವುದೇ ಸಿಂಕ್ರೊನಸ್ ರೆಪ್ಲಿಕೇಷನ್. ಮಾರುವಾಗ ಕಂಪನಿಯವರು ಹೇಳಿದ್ದು: "ಇಲ್ಲಿ ಬರೆದದ್ದು ಅಲ್ಲೂ ಬರೆದಾದ ಮೇಲೆಯೇ ಡೇಟಾಬೇಸ್‌ಗೆ ಓಕೆ ಹೋಗುತ್ತೆ. ಒಂದು ಎಂಟ್ರಿಯೂ ಕಳೆಯೋದಿಲ್ಲ ಸರ್."

ಲೈನ್ ಇರುವಾಗ ಅದು ನಿಜವೇ. ಅಲ್ಲಿಯ ಉತ್ತರಕ್ಕೆ ಕಾಯುವುದರಿಂದ ಹೆಚ್ಚು ತಡವೂ ಆಗುವುದಿಲ್ಲ. ಫೈಬರ್‌ನಲ್ಲಿ ಬೆಳಕು 100 ಕಿ.ಮೀ. ಹೋಗಿ ಬರಲು ಸುಮಾರು 1 ಮಿಲಿಸೆಕೆಂಡ್ ಸಾಕು. ಉಡುಪಿ 60 ಕಿ.ಮೀ. ಕೂಡ ಇಲ್ಲ.

ಲೈನ್ ಕಡಿದರೆ? ಅದನ್ನು ಅವರು ಹೇಳಲೇ ಇಲ್ಲ. ಕಡಿದಾಗ ಸ್ಟೋರೇಜ್ ಎರಡರಲ್ಲಿ ಒಂದು ಮಾಡಬೇಕು: ಬರೆಯುವುದನ್ನೇ ನಿಲ್ಲಿಸಬೇಕು, ಇಲ್ಲವೇ ಕಾಪಿ ಮಾಡುವುದನ್ನು ಬಿಟ್ಟು ಒಂದೇ ಕಡೆ ಬರೆಯುತ್ತಾ ಹೋಗಬೇಕು. ನಮ್ಮದರಲ್ಲಿ ಎರಡನೆಯದನ್ನು ಸೆಟ್ ಮಾಡಿದ್ದರು.

ಮಳೆಗಾಲದಲ್ಲಿ ಹೆದ್ದಾರಿ ಬದಿ ಜೆಸಿಬಿ ಅಗೆದು ಫೈಬರ್ ಹೋಯಿತು. ಸಂಜೆಗೆ ಜೋಡಿಸಿದರು. ರೆಪ್ಲಿಕೇಷನ್ ಮಾತ್ರ ತಾನಾಗಿ ಶುರುವಾಗಲಿಲ್ಲ, ಕೈಯಿಂದ ಶುರುಮಾಡಬೇಕಿತ್ತಂತೆ. ಅಲರ್ಟ್ ಮೇಲ್ ಹೋಗುತ್ತಿದ್ದದ್ದು ಕೆಲಸ ಬಿಟ್ಟು ಹೋದ ಅವರ ಇಂಜಿನಿಯರ್‌ಗೆ. ಎಂಥ ಮಾಡುವುದು ಮಾರಾಯ್ರೆ!

ಕೆಲವು ದಿನ ಕಳೆದು ಮಂಗಳೂರಿನ ಸ್ಟೋರೇಜ್ ಕೈಕೊಟ್ಟಿತು. ಉಡುಪಿಯಲ್ಲಿ ನಮ್ಮ ಸಾಫ್ಟ್‌ವೇರ್ ಸರ್ವರ್‌ಗಳು, ಅಂದರೆ ವರ್ಚುವಲ್ ಮಷಿನ್‌ಗಳು ಚೆನ್ನಾಗಿಯೇ ಮೇಲೆದ್ದವು. ಡೇಟಾಬೇಸ್ ಒಂದೇ ಒಂದು ಎರರ್ ಕೊಡಲಿಲ್ಲ. ಮೋಸ ಇದ್ದದ್ದೇ ಅಲ್ಲಿ. ಕೌಂಟರ್ ತೆರೆದು ಬೆಳಗ್ಗೆಯ ಕೆಲಸ ಅರ್ಧ ಮುಗಿದ ಮೇಲೆ ಕ್ಯಾಶಿಯರ್ ಫೋನ್ ಮಾಡಿದರು: "ಸರ್, ಇವರು ನಿನ್ನೆ ಕಂತು ಕಟ್ಟಿದ್ದಾರೆ. ಪಾಸ್‌ಬುಕ್‌ನಲ್ಲಿದೆ, ಇಲ್ಲಿ ಕಾಣ್ತಾ ಇಲ್ಲ."

ಅಷ್ಟರಲ್ಲಿ ಉಡುಪಿಯಲ್ಲಿದ್ದ, ಲೈನ್ ಕಡಿದ ದಿನದ ಹಳೆಯ ಲೆಕ್ಕದ ಮೇಲೆ ಹೊಸ ಎಂಟ್ರಿಗಳು ಕೂತಾಗಿತ್ತು. ಮಂಗಳೂರಿನದು ರಿಪೇರಿಯಾಗಿ ಬಂದಾಗ ಎರಡು ಲೆಕ್ಕ, ಎರಡೂ ಅರ್ಧ ಸರಿ. ಕಂಪನಿಯ ಹುಡುಗ ಸೀದಾ ಉಡುಪಿಯಿಂದ ಮಂಗಳೂರಿಗೆ ರೀಸಿಂಕ್ ಒತ್ತಲು ಹೊರಟಿದ್ದ, ಅಂದರೆ ಉಡುಪಿಯ ಕಾಪಿಯನ್ನು ಮಂಗಳೂರಿನದರ ಮೇಲೆಯೇ ಬರೆಸಲು. ಒತ್ತಿದ್ದರೆ ನಡುವಿನ ದಿನಗಳೆಲ್ಲ ಅಳಿಸಿಹೋಗುತ್ತಿದ್ದವು. ತಡೆದೆವು. ಉಡುಪಿಯಲ್ಲಿ ಆದದ್ದನ್ನು ಕಾಗದದ ವೋಚರ್ ನೋಡಿ ಮಂಗಳೂರಿನ ಡೇಟಾಬೇಸ್‌ಗೆ ಮತ್ತೆ ಹತ್ತಿಸಿದೆವು.

ಹಾಗಾಗಿ ಸಹಿ ಹಾಕುವ ಮೊದಲೇ ಕೇಳಿ: ಲೈನ್ ಹೋದರೆ ಬರವಣಿಗೆ ನಿಲ್ಲುತ್ತದಾ, ಮುಂದುವರಿಯುತ್ತದಾ? ಲೈನ್ ಬಂದ ಮೇಲೆ ತಾನಾಗಿ ಸಿಂಕ್ ಆಗುತ್ತದಾ? ಅಲರ್ಟ್ ನಿಮ್ಮ ಫೋನಿಗೇ ಬರಲಿ. ಆಚೆ ಕಡೆ ಸರ್ವರ್ ಎಬ್ಬಿಸಿದರೆ ಕೌಂಟರ್ ತೆರೆಯುವ ಮುಂಚೆ ಕೊನೆಯ ವ್ಯವಹಾರದ ದಿನಾಂಕ, ಸಮಯ ನೋಡಿ. ಬ್ಯಾಕಪ್ ಬೇರೆಯೇ ಇರಲಿ. ಯಾರಾದರೂ ಟೇಬಲ್ ಡಿಲೀಟ್ ಮಾಡಿದರೆ ರೆಪ್ಲಿಕೇಷನ್ ಅದನ್ನೂ ನಿಷ್ಠೆಯಿಂದ ಆಚೆಗೆ ಕಳಿಸುತ್ತದೆ.

ಒಪ್ಪಂದದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಸರಿಪಡಿಸಲು ಬಂದದ್ದಕ್ಕೂ ಅವರು ಬಿಲ್ ಕಳಿಸಿದ್ದಾರೆ.