ಇಲಿಗೆ ಬೋನೋ, ಮಷಿನ್ನಿಗೆ ಬೋನೋ?

ಗಂಗಾವತಿ ಸುತ್ತ ಮುಂಗಾರಿನ ನೆಲ್ಲು ಕೊಯ್ಲು ಮುಗಿಯುವುದೂ ಧನುರ್ಮಾಸ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ. ಗದ್ದೆ ಖಾಲಿಯಾದರೆ ಇಲಿಗಳು ಊರ ಕಡೆ ಮುಖ ಮಾಡುತ್ತವೆ. ಮದುವೆ ಇಲ್ಲದ ಆ ತಿಂಗಳಲ್ಲಿ ನಮ್ಮ ಕಲ್ಯಾಣ ಮಂಟಪದ ಹುಲ್ಲು ಕತ್ತರಿಸುವ ಮಷಿನ್ ಸ್ಟೋರ್ ರೂಮಿನಲ್ಲಿ ಸುಮ್ನೆ ನಿಂತಿರುತ್ತದೆ. ಪಕ್ಕದಲ್ಲಿ ಅಕ್ಕಿ ಮೂಟೆ. ಧೂಳು ಬೀಳದಿರಲಿ ಎಂದು ಮೇಲೆ ಗೋಣಿಚೀಲ ಬೇರೆ ಹೊದಿಸಿದ್ದೆವು.

ಒಂದು ಸಂಕ್ರಾಂತಿ ಕಳೆದ ಮೇಲೆ ಹಗ್ಗ ಎಳೆದೆ. ಸ್ಟಾರ್ಟ್ ಆಯಿತು. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ ಬಂದು ನಿಂತೇಹೋಯಿತು. ಮೆಕ್ಯಾನಿಕ್ ಫ್ಯಾನ್ ಮೇಲಿನ ಕವರ್ ಬಿಚ್ಚಿದರೆ ಒಳಗೆ ಗೋಣಿ ನಾರು, ಒಣ ಹುಲ್ಲು, ಲಗ್ನಪತ್ರಿಕೆ ಚೂರು. ಈ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ಫ್ಯಾನ್ ಗಾಳಿ ಸಿಲಿಂಡರ್ ಮೇಲಿನ ಪಟ್ಟಿಗಳ ಸಂದಿಯಲ್ಲಿ ಹಾಯ್ದರೇನೇ ತಣ್ಣಗಾಗುವುದು. ಗೂಡು ಆ ದಾರಿಯನ್ನೇ ಮುಚ್ಚಿತ್ತು. ಪ್ಲಗ್ ವೈರಿನ ರಬ್ಬರನ್ನೂ ಇಲಿ ಅರ್ಧ ಕಡಿದಿತ್ತು. "ಬೆಂಕಿ ಹತ್ತಿಲ್ಲಲ್ರಿ, ನಿಮ್ಮ ನಸೀಬ್ ಚಲೋ ಐತಿ ಅಣ್ಣಾರ" ಅಂದ.

ಅಂದಿನಿಂದ ಒಂದೊಂದೇ ಉಪಾಯ ಮಾಡಿ ನೋಡಿದೆ.

ಮೊದಲು ನುಸಿಗುಳಿಗೆ. ಅಗ್ಗ, ಸುಲಭ. ಒಂದು ವಾರ ಇಲಿ ಸುಳಿಯಲಿಲ್ಲ. ಎರಡನೇ ವಾರ ಗುಳಿಗೆಯನ್ನು ಪಕ್ಕಕ್ಕೆ ತಳ್ಳಿ ಅಲ್ಲೇ ಹುಲ್ಲು ಪೇರಿಸಿತ್ತು! ಅಂಟಿನ ಹಾಳೆಯಲ್ಲಿ ಸಿಕ್ಕಿದ್ದು ಎರಡು ಹಲ್ಲಿ, ಒಂದು ಇಲಿಮರಿ. ಮರಿಯ ಕೂಗು ಕೇಳಲಾರದೆ ಆ ಹಾಳೆ ಹಾಕುವುದನ್ನೇ ಬಿಟ್ಟೆ. ಬೆಕ್ಕಿನ ಮಾತು ಬೇಡ, ಮಂಟಪದ ಊಟ ಉಂಡ ಬೆಕ್ಕು ಇಲಿ ಹಿಂದೆ ಓಡುತ್ತದಾ?

ಪಾಷಾಣದಿಂದ ಇಲಿ ಸಾಯುತ್ತದೆ, ಸುಳ್ಳಲ್ಲ. ಆದರೆ ಜಿಂಕ್ ಫಾಸ್ಫೈಡ್ ಎಂಬ ಆ ಕರಿ ಪುಡಿಯನ್ನು ಸ್ವಲ್ಪ ತಿಂದು ಸಂಕಟಪಟ್ಟು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಸತ್ತ ಇಲಿ ಎಲ್ಲಿ ಸತ್ತಿದೆ ಎಂದು ಹುಡುಕುವುದು ಇನ್ನೊಂದು ಗೋಳು. ನಮ್ಮಲ್ಲಿ ಊಟದ ಹಾಲ್‌ನ ಅಟ್ಟದಲ್ಲಿ ಸತ್ತಿತ್ತು, ಮರುದಿನವೇ ಒಂದು ಸೀಮಂತ! ಮೇಲಾಗಿ ಮಕ್ಕಳು ಓಡಾಡುವ ಜಾಗ, ಆ ವಿಷಕ್ಕೆ ಪ್ರತಿಮದ್ದೂ ಇಲ್ಲ. ಮತ್ತೆ ತರಲಿಲ್ಲ.

ಬೋನು ಇದಕ್ಕಿಂತ ಎಷ್ಟೋ ವಾಸಿ. ಒಣಕೊಬ್ಬರಿ ಕಟ್ಟಿದರೆ ಬೀಳುತ್ತವೆ. ತಣ್ಣಗಾದ ಮಿರ್ಚಿ ಭಜಿಗೆ ಇನ್ನೂ ಬೇಗ. ಆದರೆ ಒಂದು ರಾತ್ರಿಗೆ ಒಂದೋ ಎರಡೋ. ಹೆಣ್ಣಿಲಿ ಮೂರು ವಾರಕ್ಕೆಲ್ಲ ಮರಿ ಹಾಕುತ್ತದೆ. ಈ ಲೆಕ್ಕದಲ್ಲಿ ನಾನೇ ಸೋಲುವವನು.

ಕೊನೆಗೆ ಜಾಲರಿ. ಫ್ಯಾನ್ ಬಾಯಿಗೇ ಕಟ್ಟಿಬಿಡೋಣ ಅಂದುಕೊಂಡಿದ್ದೆ. ಮೆಕ್ಯಾನಿಕ್ ಬೇಡ ಅಂದ. ಹುಲ್ಲಿನ ಪುಡಿ ಅದಕ್ಕೆ ಮೆತ್ತಿಕೊಂಡರೆ ಮತ್ತೆ ಗಾಳಿ ಕಟ್ಟುತ್ತದೆ, ಮತ್ತೆ ಕಾಯುತ್ತದೆ. ಅದಕ್ಕೆ ಇಡೀ ಮಷಿನ್ನಿಗೇ ಒಂದು ಪೆಟ್ಟಿಗೆ ಮಾಡಿಸಿದೆ. ಸುತ್ತ, ಮೇಲೆ, ಕೆಳಗೆ ತಂತಿ ಜಾಲರಿ, ಮುಂದೆ ಬಾಗಿಲು. ಪೆನ್ಸಿಲ್ ದಪ್ಪದ ಸಂದಿ ಸಿಕ್ಕರೂ ಚಿಕ್ಕ ಇಲಿ ನುಸುಳುತ್ತದೆ, ಹಾಗಾಗಿ ಜಾಲರಿಯ ಕಣ್ಣು 6 ಮಿಲಿಮೀಟರ್‌ಗಿಂತ ಜಾಸ್ತಿ ಇರಬಾರದು. ಪ್ಲಾಸ್ಟಿಕ್ ಬಲೆ ತಂದೀರಿ, ಜೋಕೆ. ಇಲಿಯ ಮುಂದಿನ ಹಲ್ಲು ಬೆಳೆಯುತ್ತಲೇ ಇರುತ್ತದೆ, ಅದು ಕಡಿಯದೆ ಬಿಡುವುದಿಲ್ಲ. ವೆಲ್ಡಿಂಗ್ ಸೇರಿ ಎಲ್ಲಕ್ಕಿಂತ ಜಾಸ್ತಿ ಖರ್ಚಾಗಿದ್ದು ಇದಕ್ಕೇ. ನೋಡಿದವರೆಲ್ಲ ನಕ್ಕರು, ಇಲಿ ಹೊರಗೆ, ಮಷಿನ್ ಬೋನಿನಲ್ಲಿ. ಆಮೇಲೆ ಎರಡು ಧನುರ್ಮಾಸ ಕಳೆದವು, ಗೂಡು ಇಲ್ಲ.

ನಿಮ್ಮ ಮಷಿನ್ನಲ್ಲಿ ಈಗಾಗಲೇ ಗೂಡಿದ್ದರೆ ಬರಿಗೈ ಹಾಕಬೇಡಿ. ಇಲಿ ಜ್ವರ ಅದರ ಉಚ್ಚೆಯಿಂದಲೇ ಬರುವುದು. ಪ್ಲಗ್ ವೈರ್ ಕಿತ್ತಿಟ್ಟು, ಬ್ಲೀಚಿಂಗ್ ನೀರು ಚಿಮುಕಿಸಿ ಗೂಡು ನೆನೆಸಿ, ಗ್ಲೌಸ್ ಹಾಕಿಕೊಂಡು ತೆಗೆಯಿರಿ. ಒಣಗಿದ ಮೇಲೆ ಸ್ಟಾರ್ಟ್ ಮಾಡಿ. ಗೋಣಿಚೀಲ ಮಾತ್ರ ಮತ್ತೆ ಹೊದಿಸಬೇಡಿ. ನಮ್ಮದನ್ನು ಈಗ ಬಾಗಿಲ ಮುಂದೆ ಕಾಲೊರೆಸಲು ಹಾಕಿದ್ದೇವೆ.