ಒಂದು ಸೀರೆ ಕೊಳ್ಳಲು ಎರಡು ಅಂಗಡಿ

ಸೆಕೆಗಾಲದಲ್ಲಿ ನಿತ್ಯ ಉಡುವುದಕ್ಕೆ ಹಗುರವಾದೊಂದು ಉಡುಪಿ ಕೈಮಗ್ಗದ ಸೀರೆ ಬೇಕಿತ್ತು. ಸೊಸೆಯನ್ನು ಜೊತೆಗೆ ಕರೆದುಕೊಂಡು ಕಳೆದ ವಾರ ಉಡುಪಿ ಪೇಟೆಗೆ ಹೋಗಿದ್ದೆ. ನನಗೀಗ 72 ವರ್ಷ. ಮೊಣಕಾಲು ಸವೆದಿದೆಯಾದರೂ ನೂಲನ್ನು ಮುಟ್ಟಿ ಅದರ ಗುಣ ತಿಳಿಯುವ ಬೆರಳುಗಳು ಇನ್ನೂ ಚುರುಕಾಗಿಯೇ ಇವೆ.

ಮೊದಲು ಹೊಕ್ಕದ್ದು ಹವಾನಿಯಂತ್ರಿತವಾದ ಒಂದು ದೊಡ್ಡ ಮಳಿಗೆ. ಸೀರೆಯ ವಿಭಾಗ ಮೇಲಿನ ಮಹಡಿಯಲ್ಲಿ, ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ರಟ್ಟಿನ ಪೆಟ್ಟಿಗೆಗಳು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಸೀರೆ ತೋರಿಸಿ ಎಂದು ಕೇಳಿದವಳು ನಾನಾಗಿದ್ದರೂ ಮಾರಾಟದ ಹುಡುಗ ಸೊಸೆಯ ಮುಖ ನೋಡಿ, "ಅಜ್ಜಿಗೆ ಎಷ್ಟರ ಒಳಗೆ ಬೇಕು ಮೇಡಂ?" ಎಂದ. ಪಿಂಚಣಿಯ ಹಣವಿದ್ದದ್ದು ನನ್ನ ಕೈಚೀಲದಲ್ಲಿ! ಸೀರೆಯ ಆಸೆ ಬಿಟ್ಟು ಎರಡು ಕರವಸ್ತ್ರ ಆರಿಸಿಕೊಂಡರೆ, ಮೊಬೈಲ್ ನಂಬರ್ ಕೊಡದೆ ಬಿಲ್ ಆಗುವುದಿಲ್ಲವೆಂದರು. ಗ್ರಾಹಕರ ಮೊಬೈಲ್ ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ವ್ಯಾಪಾರಿಗಳಿಗೆ ಸೂಚಿಸಿದೆ ಎಂದು ನಾನು ಹೇಳಿದಾಗ ಅವರು ನಕ್ಕರು. ಕರವಸ್ತ್ರಗಳನ್ನು ಅಲ್ಲೇ ಇಟ್ಟು ಬಂದೆ.

ರಥಬೀದಿಯ ಹತ್ತಿರದ ಎರಡನೆಯ ಅಂಗಡಿ ನಮ್ಮ ಮನೆಯ ಜಗಲಿಗಿಂತ ದೊಡ್ಡದಲ್ಲ. ಮಾಲೀಕರು ಕುರ್ಚಿ ಸರಿಸಿಕೊಟ್ಟು, "ನಿತ್ಯಕ್ಕೋ, ಹೊರಗೆ ಹೋಗುವಾಗ ಉಡಲಿಕ್ಕೋ?" ಎಂದು ನನ್ನನ್ನೇ ಕೇಳಿದರು. (ಸೊಸೆ ಆಗಲೇ ಮೊಬೈಲ್ ತೆಗೆದು ನೆಮ್ಮದಿಯಾಗಿ ಮೂಲೆ ಹಿಡಿದಿದ್ದಳು.) ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನನಗೆ ಬಣ್ಣದ ಅಂದಾಜು ತಪ್ಪುತ್ತದೆ ಎಂದಾಗ, ಪ್ರತಿಯೊಂದು ಸೀರೆಯನ್ನೂ ಬಾಗಿಲಿನ ಬಿಸಿಲಿಗೆ ಒಯ್ದು, ಮಡಿಕೆ ಬಿಚ್ಚಿ, ಅಂಚನ್ನೂ ಸೆರಗನ್ನೂ ಬೇರೆ ಬೇರೆಯಾಗಿ ತೋರಿಸಿದರು. ಈ ಪ್ರದೇಶದ್ದೇ ವಿಶಿಷ್ಟ ಉತ್ಪನ್ನವೆಂದು ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಪಡೆದ ಈ ಸೀರೆಗೆ ಗಂಜಿ ಹಾಕುವ ಕ್ರಮವನ್ನೂ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಮಗ್ಗಗಳ ಸಂಗತಿಯನ್ನೂ ವಿವರಿಸಿ, ನೇಯುವವರಲ್ಲಿ ಹಲವರು ನನ್ನ ವಯಸ್ಸಿನ ಆಸುಪಾಸಿನವರೇ ಎಂದರು. ಅಷ್ಟು ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಒಂದು ಕೊಳ್ಳಲು ಹೋದವಳು ಎರಡು ಕೊಂಡೆ. ಬಿಲ್ಲನ್ನು ಕೈಯಲ್ಲೇ, ಕನ್ನಡಕವಿಲ್ಲದೆಯೂ ಓದುವಷ್ಟು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟರು.

ಕೊರತೆ ಇಲ್ಲಿಯೂ ಇದೆ. ರಸ್ತೆಯಿಂದ ಅಂಗಡಿಗೆ ಮೂರು ಎತ್ತರದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಏನೂ ಇಲ್ಲ. ಹತ್ತುವಾಗ ಸೊಸೆಯ ಹೆಗಲು, ಇಳಿಯುವಾಗ ಮಾಲೀಕರ ಕೈ ಆಸರೆಯಾಯಿತು. ಗೋಡೆಗೆ ಒಂದು ಕಬ್ಬಿಣದ ಕಂಬಿ ಹಾಕಿಸಿ ಎಂದೆ. ಕಟ್ಟಡದ ಯಜಮಾನರನ್ನು ಕೇಳಿ ನೋಡುತ್ತೇನೆ ಎಂದಿದ್ದಾರೆ. ಸೀರೆಗೆ ಕುಚ್ಚು ಕಟ್ಟಿಸಿಕೊಳ್ಳಲು ಮುಂದಿನ ತಿಂಗಳು ಹೋದಾಗ ನೋಡಬೇಕು.