ಎಪಿಎಂ 2.8, ಪಿಕ್ಸ್‌ಹಾಕ್ 2.4.8, ಎಫ್405: ಹಳೆಯ ಫ್ಲೈಟ್ ಕಂಟ್ರೋಲರನ್ನು ಇನ್ನೂ ಹಾರಿಸಬಹುದೇ?

ಡ್ರೋನಿನ ಹಾರಾಟವನ್ನು ನಿಯಂತ್ರಿಸುವ ಹಳೆಯ ಎಪಿಎಂ 2.8 ಬೋರ್ಡನ್ನು ಈಗ ಹೊಸದಾಗಿ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಈಗಾಗಲೇ ಕೈಯಲ್ಲಿದ್ದು, ಅದರೊಂದಿಗೆ ಬಂದ ಹಳೆಯ ಜಿಪಿಎಸ್-ಕಂಪಾಸ್ ಮಾಡ್ಯೂಲ್ ಸುಸ್ಥಿತಿಯಲ್ಲಿದ್ದರೆ ಮಾತ್ರ ಹಾರಿಸಲು ಅಡ್ಡಿಯಿಲ್ಲ. ಆ ಮಾಡ್ಯೂಲ್ ಕೆಟ್ಟ ದಿನವೇ ಬೋರ್ಡಿನ ಆಯುಷ್ಯವೂ ಮುಗಿಯಿತೆಂದು ತಿಳಿಯಬೇಕು. ನಾಲ್ಕು ತೋಳಿನ ಒಂದೇ ಎಫ್450 ಡ್ರೋನ್ ಚೌಕಟ್ಟಿನ ಮೇಲೆ ಮೊದಲು ಎಪಿಎಂ 2.8, ಬಳಿಕ ಪಿಕ್ಸ್‌ಹಾಕ್ 2.4.8 ತದ್ರೂಪು, ಕೊನೆಗೆ ಎಸ್‌ಟಿಎಂ32ಎಫ್405 ಚಿಪ್ ಇರುವ ಒಂದು ಚಿಕ್ಕ ಬೋರ್ಡ್, ಹೀಗೆ ಮೂರನ್ನೂ ಕೂರಿಸಿ ಹಾರಿಸಿದ್ದೇನೆ. ಮೋಟಾರುಗಳು, ಅವುಗಳ ವೇಗ ನಿಯಂತ್ರಿಸುವ ಸೈಮನ್‌ಕೆ ಇಎಸ್‌ಸಿಗಳು, ಮೂರು ಸೆಲ್‌ಗಳ 3ಎಸ್ ಬ್ಯಾಟರಿ, ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟ್ ಎಲ್ಲವೂ ಮೂರು ಸಲವೂ ಅವೇ ಆಗಿದ್ದವು. ಚೌಕಟ್ಟಿನ ಮೇಲೆ ಈಗ ಉಳಿದಿರುವುದು ಎಫ್405 ಮತ್ತು ಅದನ್ನು ಕೀಳುವ ಯೋಚನೆ ನನಗಿಲ್ಲ.

ಹತ್ತು ವರ್ಷಕ್ಕೂ ಹಳೆಯದಾದ ವಿನ್ಯಾಸದ ಬಗ್ಗೆ ಈಗ ಬರೆಯುವ ಅಗತ್ಯವೇನೆಂದು ಕೇಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಎಪಿಎಂ ತದ್ರೂಪುಗಳು ಇನ್ನೂ ಸಿಗುತ್ತವೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪಟ್ಟಿಗಳಲ್ಲಿ ಅದರ ಹೆಸರು ಇನ್ನೂ ಇರುತ್ತದೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳ ಆಮದಿಗೆ ಯಾವ ಅನುಮತಿಯೂ ಬೇಡವೆಂದು ಹೇಳಿದ ಮೇಲೆ, ಹವ್ಯಾಸಿಗಳಿಗೆ ಬಿಡಿಭಾಗ ತಂದು ತಾವೇ ಜೋಡಿಸುವುದು ಇನ್ನಷ್ಟು ಸಹಜವಾಯಿತು. ಹಾಗೆ ಜೋಡಿಸ ಹೊರಟವನ ಕಣ್ಣಿಗೆ ಮೊದಲು ಬೀಳುವುದು ಅಗ್ಗದ ಎಪಿಎಂ.

ಮೊದಲು ಎಪಿಎಂಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡುತ್ತೇನೆ. ಅದರ ಮಿದುಳು ಎಟಿಮೆಗಾ2560 ಎಂಬ 8 ಬಿಟ್ಟಿನ ಚಿಪ್. ವೇಗ 16 ಮೆಗಾಹರ್ಟ್ಸ್, ರ್‍ಯಾಮ್ ಕೇವಲ 8 ಕಿಲೋಬೈಟ್. ಇಷ್ಟರಲ್ಲೇ ಎತ್ತರ ಕಾಯ್ದುಕೊಳ್ಳುವುದು, ಒಂದೆಡೆ ನಿಲ್ಲುವುದು, ಗುರುತಿಸಿದ ಬಿಂದುಗಳ ಮೇಲೆ ತಾನಾಗಿ ಹಾರುವುದು, ಹೊರಟಲ್ಲಿಗೆ ಮರಳುವುದು ಎಲ್ಲವನ್ನೂ ಮಾಡಿ ತೋರಿಸಿದ ಬೋರ್ಡ್ ಇದು. ಆರ್ಡುಪೈಲಟ್ ಎಂಬ ಮುಕ್ತ ಹಾರಾಟ ತಂತ್ರಾಂಶದ ತಂಡ ಇದಕ್ಕಾಗಿ ಬಿಡುಗಡೆ ಮಾಡಿದ ಕೊನೆಯ ಕಾಪ್ಟರ್ ಫರ್ಮ್‌ವೇರ್ (ಬೋರ್ಡಿನೊಳಗೆ ನಡೆಯುವ ತಂತ್ರಾಂಶ) 2015ರ 3.2.1 ಆವೃತ್ತಿ, 3.3ರಿಂದ ಮುಂದಕ್ಕೆ ಚಿಪ್ಪಿನಲ್ಲಿ ಜಾಗವೂ ಸಾಲಲಿಲ್ಲ, ವೇಗವೂ ಸಾಲಲಿಲ್ಲ. ಎಪಿಎಂನ ಮುಖ್ಯ ಲೆಕ್ಕಾಚಾರ ಸೆಕೆಂಡಿಗೆ 100 ಸಲ ನಡೆದರೆ ಪಿಕ್ಸ್‌ಹಾಕ್‌ನಲ್ಲಿ 400 ಸಲ ನಡೆಯುತ್ತದೆ. ಆದರೆ ಹತ್ತು ಅಂಗುಲದ ರೆಕ್ಕೆಗಳನ್ನು ತಿರುಗಿಸುತ್ತಾ ಸಾವಕಾಶವಾಗಿ ಹಾರುವ ಎಫ್450ರಲ್ಲಿ ಆ ವ್ಯತ್ಯಾಸ ಕೈಗೆ ಅಷ್ಟಾಗಿ ತಿಳಿಯುವುದಿಲ್ಲ. ಹಳೆಯ ಬೋರ್ಡ್ ನಿಧಾನ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಅದನ್ನು ಕೊಂದದ್ದು ವೇಗದ ಕೊರತೆಯಲ್ಲ, ಕಂಪಾಸ್.

ಈ ಕಂಪಾಸಿನ ತೊಡಕನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಎಪಿಎಂ ಮಾರುವ ಯಾವ ಪುಟದಲ್ಲೂ ಇದರ ಸುಳಿವಿರುವುದಿಲ್ಲ. ಎಪಿಎಂ ಕಾಲದ ಜಿಪಿಎಸ್ ಮಾಡ್ಯೂಲ್‌ಗಳೊಳಗೆ ಇರುತ್ತಿದ್ದ ದಿಕ್ಸೂಚಿ ಚಿಪ್ ಹನಿವೆಲ್‌ನ ಎಚ್‌ಎಂಸಿ5883ಎಲ್. ಅದರ ತಯಾರಿಕೆ ನಿಂತ ಮೇಲೆ ಆ ಜಾಗಕ್ಕೆ ಬಂದದ್ದು ಕ್ಯೂಎಂಸಿ5883ಎಲ್. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಗಾತ್ರವೂ ಕಾಲುಗಳ ಜೋಡಣೆಯೂ ಒಂದೇ. ಆದರೆ ಚಿಪ್‌ಗಳು ಪರಸ್ಪರ ಮಾತಾಡುವ ಐ2ಸಿ ತಂತಿಯ ಮೇಲೆ ಮೊದಲಿನದರ ವಿಳಾಸ ಹೆಕ್ಸಾಡೆಸಿಮಲ್ ಎಣಿಕೆಯಲ್ಲಿ 1ಇ, ಎರಡನೆಯದರ ವಿಳಾಸ 0ಡಿ. ಒಳಗಿನ ರಿಜಿಸ್ಟರುಗಳ (ಅಂಕಿ ಇಡುವ ಖಾನೆಗಳ) ಕ್ರಮವೂ ಬೇರೆ. 3.2.1 ಫರ್ಮ್‌ವೇರ್ ಬರೆದಾಗ ಈ ಎರಡನೆಯ ಚಿಪ್ ಯಾರ ಲೆಕ್ಕದಲ್ಲೂ ಇರಲಿಲ್ಲವಾದ್ದರಿಂದ, ಎಪಿಎಂ ಅದನ್ನು ಹುಡುಕುವುದೇ ಇಲ್ಲ.

ನನ್ನ ಹಳೆಯ ಮಾಡ್ಯೂಲ್ ಒಮ್ಮೆ ನೆಲಕ್ಕೆ ಬಡಿದು ಸತ್ತಾಗ, ‘ಎಪಿಎಂ ಮತ್ತು ಪಿಕ್ಸ್‌ಹಾಕ್‌ಗೆ ಹೊಂದುತ್ತದೆ’ ಎಂದು ಬರೆದಿದ್ದ ಎಂ8ಎನ್ ಎಂಬ ಜಿಪಿಎಸ್-ಕಂಪಾಸ್ ಮಾಡ್ಯೂಲ್ ತರಿಸಿದೆ. ಜಿಪಿಎಸ್ ಭಾಗ ಚೆನ್ನಾಗಿಯೇ ಕೆಲಸ ಮಾಡಿತು, ಉಪಗ್ರಹಗಳು ಬೇಗ ಸಿಕ್ಕವು. ಕಂಪ್ಯೂಟರಿನಿಂದ ಬೋರ್ಡನ್ನು ಹೊಂದಿಸುವ ಮಿಷನ್ ಪ್ಲಾನರ್ ತಂತ್ರಾಂಶದ ಪರದೆಯ ಮೇಲೆ ಮಾತ್ರ ‘ಬ್ಯಾಡ್ ಕಂಪಾಸ್ ಹೆಲ್ತ್’ ಎಂಬ ಕೆಂಪಕ್ಷರ ಕದಲಲಿಲ್ಲ. ತಂತಿ ಬದಲಿಸಿದರೂ, ಫರ್ಮ್‌ವೇರ್ ಮತ್ತೆ ಹಾಕಿದರೂ ಅದೇ ಉತ್ತರ. ಕೊನೆಗೆ ಮಾಡ್ಯೂಲಿನ ಮುಚ್ಚಳ ತೆರೆದು ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ತಿಳಿಯಿತು. ನಿಜವಾದ ಹನಿವೆಲ್ ಚಿಪ್ಪಿನ ಮೇಲೆ ‘ಎಲ್883’ ಎಂದು ಕೊರೆದಿರುತ್ತದೆ; ನನ್ನದರ ಮೇಲೆ ‘ಡಿಎ 5883’ ಎಂದಿತ್ತು. ಬೇರೆ ಕಂಪಾಸ್ ಜೋಡಿಸೋಣವೆಂದು ಜಿವೈ-271 ಎಂಬ ಚಿಕ್ಕ ಬೋರ್ಡ್ ತಂದರೆ, ಎಚ್‌ಎಂಸಿ ಎಂದು ಅಚ್ಚಾಗಿದ್ದ ಆ ಬೋರ್ಡಿನ ಮೇಲೂ ಕುಳಿತಿದ್ದದ್ದು ಅದೇ ಕ್ಯೂಎಂಸಿ. ಈಗ ಪೇಟೆಗೆ ಬರುತ್ತಿರುವ ಹೆಚ್ಚಿನ ಸರಕಿನ ಕಥೆ ಇದೇ.

ಎಪಿಎಂ 2.8ರ ಒಳಗೇ ಒಂದು ಕಂಪಾಸ್ ಇದೆಯಲ್ಲವೇ ಎಂದು ತಿಳಿದವರು ಕೇಳಬಹುದು. ಇದೆ, ಎರಡು ಪಿನ್‌ಗಳನ್ನು ಕೂಡಿಸುವ ಒಂದು ಜಂಪರ್ ಹಾಕಿದರೆ ಅದು ಜೀವಂತವಾಗುತ್ತದೆ. ಹೊರಗಿನ ಎಚ್‌ಎಂಸಿ ಜೋಡಿಸುವಾಗ ಆ ಜಂಪರ್ ತೆಗೆಯಲು ಹೇಳುವುದಕ್ಕೆ ಕಾರಣ, ಒಂದೇ ವಿಳಾಸದ ಎರಡು ಚಿಪ್‌ಗಳು ಒಂದೇ ತಂತಿಯ ಮೇಲೆ ಇರಲಾಗದು ಎಂಬುದು. ನಾನೂ ಜಂಪರ್ ಹಾಕಿ ಒಳಗಿನದನ್ನೇ ಬಳಸಿ ನೋಡಿದೆ. ಬೋರ್ಡ್ ಇರುವುದು ಚೌಕಟ್ಟಿನ ನಡುವೆ, ಬ್ಯಾಟರಿಯ ದಪ್ಪ ತಂತಿಗಳಿಗೂ ಇಎಸ್‌ಸಿಗಳಿಗೂ ಬೆರಳಗಲದ ಅಂತರದಲ್ಲಿ. ಥ್ರಾಟಲ್ (ಮೋಟಾರುಗಳಿಗೆ ಕೊಡುವ ಶಕ್ತಿ) ಏರಿಸಿದಂತೆ ಆ ತಂತಿಗಳಲ್ಲಿ ಕರೆಂಟ್ ಹೆಚ್ಚುತ್ತದೆ, ಅದರೊಂದಿಗೆ ಕಾಂತಕ್ಷೇತ್ರವೂ ಹೆಚ್ಚಿ ಉತ್ತರ ದಿಕ್ಕು ಎಲ್ಲೆಂದು ಬೋರ್ಡಿಗೆ ತಿಳಿಯದಾಗುತ್ತದೆ. ಈ ದೋಷವನ್ನು ಅಳೆದು ಕಳೆಯಲು ಮಿಷನ್ ಪ್ಲಾನರ್‌ನಲ್ಲಿ ಕಂಪಾಸ್‌ಮಾಟ್ ಎಂಬ ವಿಧಾನವಿದೆ: ರೆಕ್ಕೆಗಳನ್ನು ಮಗುಚಿ, ಒಂದೊಂದು ತೋಳು ಆಚೆಗೆ ಸರಿಸಿ ಹಾಕಿದರೆ ಗಾಳಿ ಮೇಲ್ಮುಖವಾಗಿ ಹೋಗಿ ಡ್ರೋನ್ ನೆಲಕ್ಕೇ ಒತ್ತಿಕೊಳ್ಳುತ್ತದೆ, ಆಗ ಥ್ರಾಟಲನ್ನು ನಿಧಾನವಾಗಿ ಏರಿಸಿ ಅಳೆಯಬೇಕು. ಅಡಚಣೆ ಶೇ. 30ರ ಒಳಗಿದ್ದರೆ ಸರಿ, 60 ದಾಟಿದರೆ ಬಳಸಲೇಬಾರದು ಎಂಬುದು ಆರ್ಡುಪೈಲಟ್‌ನವರ ಸೂಚನೆ. ನನ್ನದು ಈ ಎರಡರ ನಡುವಿನ ಅನುಮಾನದ ಪ್ರದೇಶದಲ್ಲೇ ಉಳಿಯಿತು. ಫಲವಾಗಿ ಎತ್ತರ ಕಾಯುವ ಆಲ್ಟ್‌ಹೋಲ್ಡ್‌ನಲ್ಲಿ ಯಾವ ತೊಂದರೆಯೂ ಇಲ್ಲ. ಒಂದೆಡೆ ನಿಲ್ಲಿಸುವ ಲಾಯ್ಟರ್‌ಗೆ ಹಾಕಿದ ಕೂಡಲೇ ಡ್ರೋನ್ ನಿಂತಲ್ಲಿ ನಿಲ್ಲದೆ ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ, ಸುತ್ತಿದಷ್ಟೂ ಸುತ್ತು ದೊಡ್ಡದಾಗುತ್ತದೆ. ಕಂಪಾಸ್ ಸುಳ್ಳು ಹೇಳಿದಾಗ ಪೂರ್ವಕ್ಕೆ ಹೋಗಬೇಕಾದದ್ದು ಆಗ್ನೇಯಕ್ಕೆ ಹೋಗುತ್ತದೆ, ಅದನ್ನು ಸರಿಪಡಿಸಹೋಗಿ ಇನ್ನೊಂದು ಕಡೆಗೆ ವಾಲುತ್ತದೆ. ಹೊರಟಲ್ಲಿಗೆ ಮರಳುವ ಆರ್‌ಟಿಎಲ್ ಕೂಡ ಇದೇ ಕಂಪಾಸನ್ನು ನಂಬಿರುವುದರಿಂದ, ಆಪತ್ಕಾಲಕ್ಕೆಂದು ಇಟ್ಟುಕೊಂಡ ಸೌಲಭ್ಯವೇ ನಂಬಲಾಗದ ಸ್ಥಿತಿಗೆ ಬಂತು.

ಹಳೆಯ ಫರ್ಮ್‌ವೇರಿಗೆ ಹೊಸ ಚಿಪ್ಪಿನ ಡ್ರೈವರ್ ಸೇರಿಸಿ ಮತ್ತೆ ಕಂಪೈಲ್ ಮಾಡುವ ದಾರಿಯೂ ಇಲ್ಲದಿಲ್ಲ. ಆದರೆ ಆ ಕಾಲದ ಕಂಪೈಲರ್ ಸರಂಜಾಮನ್ನು ಇಂದಿನ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಈಗಾಗಲೇ ತುಂಬಿ ತುಳುಕುವ 256 ಕಿಲೋಬೈಟ್‌ನಲ್ಲಿ ಜಾಗ ಹುಡುಕುವ ಸಹನೆ ನನಗಿಲ್ಲ. ಇರುವವರು ಎಪಿಎಂ ಇಟ್ಟುಕೊಳ್ಳಲಿ.

ಇದರ ಮುಂದೆ ಎಪಿಎಂನ ಉಳಿದ ಕೊರತೆಗಳು ಚಿಕ್ಕವು. ರಿಸೀವರಿನಿಂದ ಅದು ಪಿಡಬ್ಲ್ಯೂಎಂ (ಚಾನೆಲ್‌ಗೊಂದು ತಂತಿ) ಅಥವಾ ಪಿಪಿಎಂ (ಎಲ್ಲ ಚಾನೆಲ್‌ಗಳಿಗೂ ಒಂದೇ ತಂತಿ) ಸಂಕೇತವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪಿಪಿಎಂಗಾಗಿ 2 ಮತ್ತು 3ನೆಯ ಇನ್‌ಪುಟ್ ಸಿಗ್ನಲ್ ಪಿನ್‌ಗಳಿಗೆ ಜಂಪರ್ ಹಾಕಬೇಕು. ಎಸ್‌ಬಸ್, ಐಬಸ್ ಎಂಬ ಡಿಜಿಟಲ್ ಸಂಕೇತಗಳು, ಈಗ ಎಲ್ಲರೂ ಹೊಗಳುವ ಇಎಲ್‌ಆರ್‌ಎಸ್ ರೇಡಿಯೊದ ಡಿಜಿಟಲ್ ಸಂಕೇತ, ಯಾವುದೂ ಅದಕ್ಕೆ ಅರ್ಥವಾಗುವುದಿಲ್ಲ. ಎತ್ತರ ಅಳೆಯುವ ಎಂಎಸ್5611 ಬ್ಯಾರೋಮೀಟರಿನ ಮೇಲೆ ಬಿಸಿಲು ಬಿದ್ದರೆ ಅಂಕಿ ಏರುಪೇರಾಗುವುದರಿಂದ ಒಂದು ಚೂರು ಕಪ್ಪು ಫೋಮ್ ಇಡಬೇಕು.

ಪಿಕ್ಸ್‌ಹಾಕ್ 2.4.8 ಒಳ್ಳೆಯ ಬೋರ್ಡೇ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನಲ್ಲಿ ಹುಟ್ಟಿದ ಯೋಜನೆಯಿಂದ ಬಂದ ಮುಕ್ತ ವಿನ್ಯಾಸ ಅದು, 2.4.8 ಎಂಬ ಸಂಖ್ಯೆ ಹೊತ್ತು ನಮ್ಮಲ್ಲಿ ಸಿಗುವುದೆಲ್ಲ ತದ್ರೂಪುಗಳೇ. ಅದರ ಎಸ್‌ಟಿಎಂ32ಎಫ್427 ಚಿಪ್ 168 ಮೆಗಾಹರ್ಟ್ಸ್ ವೇಗದ್ದು, ಜೊತೆಗೆ ಇನ್‌ಪುಟ್-ಔಟ್‌ಪುಟ್ ನೋಡಿಕೊಳ್ಳಲು ಪ್ರತ್ಯೇಕ ಚಿಪ್ ಇದೆ. ಇಎಸ್‌ಸಿ ಮತ್ತು ರಿಸೀವರ್ ತಂತಿಗಳನ್ನು ಬೆಸುಗೆಯಿಲ್ಲದೆ ನೇರವಾಗಿ ಚುಚ್ಚಬಹುದು ಎಂಬುದು ಎಫ್450ರಂತಹ ಚೌಕಟ್ಟಿಗೆ ದೊಡ್ಡ ಅನುಕೂಲ. ಇಂದಿನ ಆರ್ಡುಪೈಲಟ್ ಇದರ ಮೇಲೆ ನಡೆಯುತ್ತದೆ. ನಾನು ಬದಿಗಿಟ್ಟಿದ್ದ ಕ್ಯೂಎಂಸಿ ಮಾಡ್ಯೂಲನ್ನು ಇದಕ್ಕೆ ಜೋಡಿಸಿದಾಗ, ಯಾವ ಸೆಟ್ಟಿಂಗೂ ಮುಟ್ಟದೆ ಕಂಪಾಸ್ ತಾನಾಗಿ ಪತ್ತೆಯಾಯಿತು. ಹೀಗಿದ್ದೂ ನನ್ನ ಮನಸ್ಸು ಇದರ ಕಡೆ ವಾಲದಿರಲು ಎರಡು ಕಾರಣಗಳಿವೆ. ಮೊದಲನೆಯದು ಬೆಲೆ: ನಾನು ವಿಚಾರಿಸಿದ ಕಡೆಯಲ್ಲೆಲ್ಲ ಎಪಿಎಂಗಿಂತ ಎರಡು ಮೂರು ಪಟ್ಟು ಹೇಳಿದರು. ಎರಡನೆಯದು, ಈ ಚಿಪ್ಪಿನ ಆರಂಭದ ತಲೆಮಾರಿನಲ್ಲಿದ್ದ ದೋಷದಿಂದ 2 ಮೆಗಾಬೈಟ್ ಫ್ಲ್ಯಾಶ್‌ನಲ್ಲಿ (ಫರ್ಮ್‌ವೇರ್ ಕೂರುವ ಜಾಗದಲ್ಲಿ) 1 ಮೆಗಾಬೈಟ್ ಮಾತ್ರ ಬಳಸಲು ಸಾಧ್ಯ. ತದ್ರೂಪು ಕೊಳ್ಳುವವನಿಗೆ ಯಾವ ತಲೆಮಾರಿನ ಚಿಪ್ ಬಂದಿದೆಯೆಂದು ಪೊಟ್ಟಣ ಒಡೆದು ಕಂಪ್ಯೂಟರಿಗೆ ಜೋಡಿಸುವವರೆಗೂ ತಿಳಿಯುವುದಿಲ್ಲ. ನನಗೆ ಬಂದದ್ದು 1 ಮೆಗಾಬೈಟ್‌ನದು. ಕೆಲವು ಸೌಲಭ್ಯಗಳನ್ನು ಕತ್ತರಿಸಿದ ಫರ್ಮ್‌ವೇರನ್ನೇ ಹಾಕುವುದಾದರೆ, ಅಷ್ಟೇ ಜಾಗವನ್ನು ಮುಚ್ಚುಮರೆಯಿಲ್ಲದೆ ಘೋಷಿಸಿ ಕಡಿಮೆ ಬೆಲೆಗೆ ಸಿಗುವ ಎಫ್405 ಇರುವಾಗ ಹೆಚ್ಚು ಹಣ ಕೊಡುವುದೇಕೆ?

ಎಫ್405 ಬೋರ್ಡುಗಳು ಮೂಲತಃ ರೇಸಿಂಗ್ ಡ್ರೋನ್‌ಗಳವು. ಬೀಟಾಫ್ಲೈಟ್ ಎಂಬ ಫರ್ಮ್‌ವೇರ್ ಹಾಕಿಕೊಂಡೇ ಬರುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ಆರ್ಡುಪೈಲಟ್ ಕೂಡ ಲಭ್ಯವಿದೆ, ಕೊಳ್ಳುವ ಮುನ್ನ ಆರ್ಡುಪೈಲಟ್‌ನ ಬೋರ್ಡ್ ಪಟ್ಟಿಯಲ್ಲಿ ನಿಖರವಾಗಿ ಅದೇ ಮಾದರಿಯ ಹೆಸರಿದೆಯೇ ಎಂದೂ, ಬೋರ್ಡಿನಲ್ಲಿ ಬ್ಯಾರೋಮೀಟರ್ ಇದೆಯೇ ಎಂದೂ ನೋಡಿಕೊಳ್ಳಬೇಕು. ಮೊದಲ ಸಲ ಫರ್ಮ್‌ವೇರ್ ಹಾಕುವುದು ಸ್ವಲ್ಪ ಕಿರಿಕಿರಿಯ ಕೆಲಸ: ಬೂಟ್ ಗುಂಡಿ ಒತ್ತಿಹಿಡಿದು ಯುಎಸ್‌ಬಿ ಚುಚ್ಚಿ, ಡಿಎಫ್‌ಯು ಎಂಬ, ಫರ್ಮ್‌ವೇರ್ ತುಂಬುವ ಸ್ಥಿತಿಯಲ್ಲಿ ಬೂಟ್‌ಲೋಡರ್ ಸಹಿತವಾದ ಹೆಕ್ಸ್ ಕಡತವನ್ನು ಹಾಕಬೇಕು, ವಿಂಡೋಸ್‌ನಲ್ಲಿ ಅದಕ್ಕೆ ಬೇರೆ ಡ್ರೈವರ್ ಬೇಕಾಗುತ್ತದೆ. ಅದೊಂದು ದಾಟಿದರೆ ಮುಂದಿನದೆಲ್ಲ ಪರಿಚಿತ ಮಿಷನ್ ಪ್ಲಾನರ್‌ನಲ್ಲೇ. ಬೋರ್ಡಿನ ರಂಧ್ರಗಳ ಅಂತರ 30.5 ಮಿಲಿಮೀಟರ್, ನನ್ನ ಎಫ್450 ತಟ್ಟೆಯಲ್ಲಿ ಅದಕ್ಕೆ ಹೊಂದುವ ರಂಧ್ರಗಳಿರಲಿಲ್ಲವಾದ್ದರಿಂದ ದಪ್ಪ ಫೋಮ್ ಟೇಪಿನ ಮೇಲೆ ಕೂರಿಸಿದೆ. ಬೆಸುಗೆ ಹಾಕಲು ಬಾರದವರಿಗೆ ಈ ಬೋರ್ಡ್ ಬೇಡ, ಏಕೆಂದರೆ ಪ್ರತಿ ತಂತಿಯನ್ನೂ ಅಕ್ಕಿಕಾಳಿನಷ್ಟು ಜಾಗದಲ್ಲಿ ಬೆಸೆಯಬೇಕು.

ಇಷ್ಟು ಕಷ್ಟಕ್ಕೆ ಪ್ರತಿಫಲವೂ ಇದೆ. ರಿಸೀವರಿನ ಐಬಸ್ ಒಂದೇ ತಂತಿಯಲ್ಲಿ ಬರುತ್ತದೆ. ಹಳೆಯ ಸೈಮನ್‌ಕೆ ಇಎಸ್‌ಸಿಗಳು ಮಾಮೂಲಿ ಪಿಡಬ್ಲ್ಯೂಎಂನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತವೆ. ಎಪಿಎಂನಲ್ಲಿ ಕಂಪನದ ದಾಖಲೆ ತೆಗೆದು, ಲಂಬ ದಿಕ್ಕಿನ ಅಂಕಿ -5 ಮತ್ತು -15ರ ನಡುವೆ ಇದೆಯೇ ಎಂದು ಪರೀಕ್ಷಿಸಿ, ಫೋಮ್ ಬದಲಿಸುತ್ತಾ ಕೂರುತ್ತಿದ್ದ ನನಗೆ, ಮೋಟಾರಿನ ಕಂಪನವನ್ನು ಥ್ರಾಟಲ್ ನೋಡಿಯೇ ಶೋಧಿಸುವ ನಾಚ್ ಫಿಲ್ಟರ್ ದೊಡ್ಡ ಬಿಡುಗಡೆ. ಎಲ್ಲಕ್ಕಿಂತ ಮುಖ್ಯವಾದದ್ದು ಡ್ರೋನಿನ ಸ್ಥಾನ, ದಿಕ್ಕುಗಳನ್ನು ಲೆಕ್ಕಹಾಕುವ ಇಕೆಎಫ್3 ಎಂಬ ಅಂದಾಜು ವ್ಯವಸ್ಥೆ. ಕಂಪಾಸ್ ಹೇಳುವುದಕ್ಕೂ ಜಿಪಿಎಸ್ ತೋರಿಸುವ ಚಲನೆಗೂ ತಾಳೆಯಾಗದಿದ್ದರೆ ಅದು ಗಮನಿಸುತ್ತದೆ, ಜಿಪಿಎಸ್ ವೇಗದಿಂದಲೇ ದಿಕ್ಕನ್ನು ಅಂದಾಜು ಮಾಡಿಕೊಳ್ಳಬಲ್ಲದು, ಏನೂ ಸಾಧ್ಯವಾಗದಿದ್ದರೆ ಕೆಳಗಿಳಿಸುತ್ತದೆ. ಎಪಿಎಂನ 3.2.1ರಲ್ಲಿ ಇಕೆಎಫ್ ನಡೆಯುವುದೇ ಇಲ್ಲ. ತೆಂಗಿನ ಮರಗಳ ನಡುವೆ ಡ್ರೋನ್ ದಿಕ್ಕು ತಪ್ಪಿ ಸುತ್ತುವುದನ್ನು ಕಂಡವರಿಗೆ ಇದರ ಬೆಲೆ ವಿವರಿಸಬೇಕಿಲ್ಲ.

ಕೆಕೆ2.1.5 ಎಂಬ ಇನ್ನೊಂದು ಹಳೆಯ ಬೋರ್ಡಿನ ಬಗ್ಗೆಯೂ ಕೇಳುವವರಿರುವುದರಿಂದ ಒಂದು ಮಾತು. ಜಿಪಿಎಸ್ಸೇ ಇಲ್ಲದ ಆ ಬೋರ್ಡಿಗೆ ಕಂಪಾಸಿನ ಗೋಳೂ ಇಲ್ಲ. ಪುಟ್ಟ ಪರದೆಯ ಮೇಲೆ, ಕಂಪ್ಯೂಟರಿಲ್ಲದೆ ಎಲ್ಲವನ್ನೂ ಹೊಂದಿಸಬಹುದು. ಕೈಯಿಂದಲೇ ಹಾರಿಸಲು ಕಲಿಯುವವರಿಗೆ ಅದು ಈಗಲೂ ಎಪಿಎಂಗಿಂತ ಪ್ರಾಮಾಣಿಕವಾದ ಹಳೆಯ ಬೋರ್ಡ್.

ನನ್ನ ತೀರ್ಪು ನನ್ನ ಅಭ್ಯಾಸಕ್ಕೆ ತಕ್ಕದ್ದು. ನಾನು ರೇಸ್ ಓಡಿಸುವವನಲ್ಲ. ಭಾನುವಾರ ಬಯಲಿನಲ್ಲಿ ಬಿಂದುಗಳನ್ನು ಗುರುತಿಸಿ ಡ್ರೋನನ್ನು ತಾನಾಗಿ ಹಾರಲು ಬಿಟ್ಟು, ಅದು ಸರಿಯಾಗಿ ಮರಳುವುದನ್ನು ನೋಡುವವನು. ಬೆಸುಗೆ ಕೆಲಸ ನನಗೆ ಬರುತ್ತದೆ, ಬೋರ್ಡಿಗೆ ಐದು ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡಲು ಮನಸ್ಸು ಬಾರದು. ಈ ಮಿತಿಯೊಳಗೆ ಎಫ್405 ಬಿಟ್ಟರೆ ನನಗೆ ಬೇರೆ ಆಯ್ಕೆಯಿಲ್ಲ. ಬೆಸುಗೆ ಬಾರದ, ಹಣಕ್ಕೆ ಹೆಚ್ಚು ಬಿಗಿಯಿಲ್ಲದ ವಿದ್ಯಾರ್ಥಿ ತಂಡಗಳು ಪಿಕ್ಸ್‌ಹಾಕ್ ತೆಗೆದುಕೊಳ್ಳಲಿ, ಆದರೆ ಫ್ಲ್ಯಾಶ್ ಎಷ್ಟಿದೆಯೆಂದು ಹಿಂದಿರುಗಿಸುವ ಅವಧಿಯೊಳಗೇ ಪರೀಕ್ಷಿಸಲಿ. ಮನೆಯಲ್ಲಿ ಹಳೆಯ ಎಪಿಎಂ ಮತ್ತು ‘ಎಲ್883’ ಚಿಪ್ಪಿನ ಮಾಡ್ಯೂಲ್ ಎರಡೂ ಕೆಲಸ ಮಾಡುತ್ತಿರುವವರು ಹಾರಿಸುತ್ತಲೇ ಇರಲಿ, 3.2.1ರ ಹೆಕ್ಸ್ ಕಡತವನ್ನೂ ತಮ್ಮ ಪ್ಯಾರಾಮೀಟರ್ ಕಡತವನ್ನೂ ಬೇರೊಂದು ಕಡೆ ಉಳಿಸಿಟ್ಟುಕೊಂಡು, ಜಿಪಿಎಸ್ ಮಾಡ್ಯೂಲನ್ನು ಎತ್ತರದಲ್ಲಿ ಹಿಡಿಯುವ ಕಂಬದ ಮಡಚುವ ಕೀಲನ್ನು ಆಗಾಗ ಬಿಗಿಮಾಡಿಕೊಳ್ಳಲಿ.